ಗುಂಡಗಿನ ಪುಟ್ಟ ಸೆಲ್: ಬಟನ್ ಸೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೀದಿಯಲ್ಲಿ ಯಾರ ಮನೆಯ ಥರ್ಮಾಮೀಟರ್ ಕೆಟ್ಟರೂ, ಅಡುಗೆಮನೆ ತಕ್ಕಡಿ ನಿಂತರೂ, ಕಾರಿನ ರಿಮೋಟ್ ಮಾತು ಕೇಳದಿದ್ದರೂ ಮೊದಲು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ವಸ್ತುವಿಗೆ ಏನೂ ಆಗಿರುವುದಿಲ್ಲ. ಒಳಗಿನ ಸೆಲ್ ಮುಗಿದಿರುತ್ತದೆ, ಇಲ್ಲವೇ ಯಾರೋ ತಪ್ಪು ಸೆಲ್ ಹಾಕಿರುತ್ತಾರೆ. ಬಾಯಿಮಾತಿನಲ್ಲಿ, ಕಾಗದದಲ್ಲಿ, ವಾಟ್ಸ್ಆಪ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸೆಲ್ ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿರುವ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಮಕ್ಕಳ ಭಾಗ ಓದಿಬಿಡಿ, ಉಳಿದದ್ದು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಬಟನ್ ಸೆಲ್, ಕಾಯಿನ್ ಸೆಲ್ ಎರಡೂ ಒಂದೇನಾ?

ಮಾತಿಗೆ ಒಂದೇ. ಅಗಲ ಕಡಿಮೆ ಇದ್ದು, ಸ್ವಲ್ಪ ದಪ್ಪಗೆ, ಅಂಗಿಯ ಗುಂಡಿಯಂತೆ ಕಾಣುವುದು ಬಟನ್ ಸೆಲ್. ವಾಚ್, ಥರ್ಮಾಮೀಟರ್‌ಗಳಲ್ಲಿ ಇರುವುದು ಇದು. ಅಗಲವಾಗಿ, ಚಪ್ಪಟೆಯಾಗಿ, ನಾಣ್ಯದಂತೆ ಕಾಣುವುದು ಕಾಯಿನ್ ಸೆಲ್. ಕಾರ್ ಕೀಯಲ್ಲಿ ಇರುವುದು ಅದು. ಮೊದಲಿನದು ಸಾಮಾನ್ಯವಾಗಿ 1.5 ವೋಲ್ಟ್ ಆಸುಪಾಸು, ಎರಡನೆಯದು 3 ವೋಲ್ಟಿನ ಲಿಥಿಯಂ. ಅಂಗಡಿಯಲ್ಲಿ ಎರಡಕ್ಕೂ "ವಾಚ್ ಸೆಲ್" ಅಂದರೆ ನಡೆಯುತ್ತದೆ. ನಾನೂ ಇಲ್ಲಿ ಎರಡನ್ನೂ ಬಟನ್ ಸೆಲ್ ಅಂತಲೇ ಕರೆಯುತ್ತೇನೆ.

ಅಂಗಡಿಯವರು "ಯಾವ ನಂಬರ್ ಬೇಕು?" ಅಂತಾರೆ. ಆ ನಂಬರ್ ಓದೋದು ಹೇಗೆ?

ಇದೊಂದು ಕಲಿತರೆ ಅರ್ಧ ಕೆಲಸ ಮುಗಿಯಿತು. ಸಿಆರ್2032 ತೆಗೆದುಕೊಳ್ಳಿ. ಮೊದಲ ಅಕ್ಷರ "ಸಿ" ಒಳಗಿರುವ ರಾಸಾಯನಿಕ ಯಾವುದು ಅಂತ ಹೇಳುತ್ತದೆ. ಇಲ್ಲಿ ಅದು ಲಿಥಿಯಂ. "ಆರ್" ಅಂದರೆ ಗುಂಡಗಿದೆ ಅಂತ. ಮುಂದಿನ 20 ಅಂದರೆ ಅಗಲ 20 ಮಿಲಿಮೀಟರ್. ಕೊನೆಯ 32 ದಪ್ಪ, ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ, ಅಂದರೆ 3.2 ಮಿಲಿಮೀಟರ್. ಅದೇ ಲೆಕ್ಕದಲ್ಲಿ 2025ರ ದಪ್ಪ 2.5, 2016ರ ದಪ್ಪ 1.6. ವಾಚಿನ 626 ಅಂದರೆ 6 ಚಿಲ್ಲರೆ ಮಿಲಿಮೀಟರ್ ಅಗಲ, 2.6 ದಪ್ಪ. ನಿಜವಾದ ಅಗಲ 6.8. ಚಿಲ್ಲರೆಯನ್ನು ಹೆಸರಿನಲ್ಲಿ ಬಿಟ್ಟುಬಿಡುತ್ತಾರೆ.

ಮೊದಲ ಅಕ್ಷರಗಳಲ್ಲಿ ನಾಲ್ಕು ನೆನಪಿಟ್ಟುಕೊಂಡರೆ ಸಾಕು. "ಎಲ್" ಆಲ್ಕಲೈನ್, "ಎಸ್" ಸಿಲ್ವರ್ ಆಕ್ಸೈಡ್, "ಸಿ" ಲಿಥಿಯಂ, "ಪಿ" ಜಿಂಕ್-ಏರ್. ಇದು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಮಾಡಿದ ಹೆಸರಿನ ಪದ್ಧತಿ. ಹಾಗಾಗಿ ಜಪಾನಿನ ಸೆಲ್ಲಾದರೂ ಇಂಡೋನೇಷ್ಯಾದ ಸೆಲ್ಲಾದರೂ ಓದುವ ರೀತಿ ಒಂದೇ.

ಹಾಗಾದ್ರೆ ಎಲ್‌ಆರ್44ರಲ್ಲಿ 44 ಅಂದ್ರೆ 4 ಮಿಲಿಮೀಟರಾ?

ಅಲ್ಲ. ಅದು ಅಳತೆಯ ಪದ್ಧತಿಗಿಂತ ಹಿಂದಿನ ಹೆಸರು, ಬರೀ ಕ್ರಮಸಂಖ್ಯೆ. ಎಲ್‌ಆರ್41, 43, 44, 54 ಎಲ್ಲಾ ಅದೇ ಜಾತಿಯವು. ಎಲ್‌ಆರ್44ರ ಅಗಲ 11.6, ದಪ್ಪ 5.4 ಮಿಲಿಮೀಟರ್. ಹೊಸ ಲೆಕ್ಕದಲ್ಲಿ ಅದನ್ನೇ ಎಲ್‌ಆರ್1154 ಅಂತಾರೆ.

ಎಜಿ13, ಎ76, ಎಲ್‌ಆರ್44, 357... ಒಂದು ಸೆಲ್‌ಗೆ ಎಷ್ಟು ಹೆಸರು ಮಾರಾಯ್ರೆ?

ಕಂಪನಿಗೊಂದು ಹೆಸರು ಇಟ್ಟುಕೊಂಡಿದ್ದರ ಫಲ ಇದು. ದಿನಬಳಕೆಗೆ ಬೇಕಾದಷ್ಟು ಹೇಳುತ್ತೇನೆ. ಎಜಿ13, ಎ76, ಎಲ್‌ಆರ್44 ಮೂರೂ ಒಂದೇ ಆಲ್ಕಲೈನ್ ಸೆಲ್. ಅದೇ ಗಾತ್ರದ ಸಿಲ್ವರ್ ಆಕ್ಸೈಡ್ ಬೇಕಾದರೆ ಎಸ್‌ಆರ್44 ಅಥವಾ 357. ಥರ್ಮಾಮೀಟರಿನ ಎಲ್‌ಆರ್41 ಅಂದರೆ ಎಜಿ3, ಅದರ ಸಿಲ್ವರ್ ಜೋಡಿ 392 ಅಥವಾ 384. ಕ್ಯಾಲ್ಕ್ಯುಲೇಟರಿನ ಎಲ್‌ಆರ್1130 ಅಂದರೆ ಎಜಿ10, ಅದೇ ಎಲ್‌ಆರ್54. ವಾಚಿನ ಎಸ್‌ಆರ್626ಎಸ್‌ಡಬ್ಲ್ಯೂಗೆ 377 ಅಂತ ಹೆಸರು.

ಗಮನಿಸಿ, "ಎಜಿ" ಅಂತ ನೋಡಿ ಬೆಳ್ಳಿ ಅಂದುಕೊಳ್ಳಬೇಡಿ. ರಸಾಯನಶಾಸ್ತ್ರದಲ್ಲಿ ಬೆಳ್ಳಿಯ ಗುರುತು ಎಜಿ ಹೌದು, ಆದರೆ ಎಜಿ ಸರಣಿಯ ಸೆಲ್ ಮಾಮೂಲಿ ಆಲ್ಕಲೈನ್. ಓದಿದವರೇ ಇಲ್ಲಿ ಎಡವುವುದನ್ನು ನೋಡಿದ್ದೇನೆ.

ಯಾವ ಕಡೆ ಪ್ಲಸ್, ಯಾವ ಕಡೆ ಮೈನಸ್?

ಅಗಲವಾದ, ನಂಬರ್ ಕೆತ್ತಿರುವ ಮುಖವೇ ಪ್ಲಸ್. ಅಂಚೂ ಪ್ಲಸ್ಸೇ. ಹಿಂದಿನ ಚಿಕ್ಕ ಮುಖ ಮೈನಸ್. ಸಾಮಾನ್ಯವಾಗಿ ನಂಬರ್ ನಮಗೆ ಕಾಣುವಂತೆ ಕೂರಿಸಬೇಕು. ಆದರೂ ಹಳೆಯದನ್ನು ತೆಗೆಯುವ ಮೊದಲು ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ.

ಹೊರಗೆ ಎಲ್ಲಾ ಒಂದೇ ಥರ ಇವೆ. ಒಳಗೆ ಅಂಥದ್ದೇನು ವ್ಯತ್ಯಾಸ?

ಆಲ್ಕಲೈನ್‌ನಲ್ಲಿ ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ. ನಮ್ಮ ಟಿವಿ ರಿಮೋಟಿನ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನ ತಮ್ಮ ಅನ್ನಿ. ಅಗ್ಗ. ಆದರೆ 1.5 ವೋಲ್ಟಿನಿಂದ ಶುರುವಾಗಿ ಬಳಸಿದಷ್ಟೂ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಮುಗಿದ ಮೇಲೆ ಸೋರುವ ಚಟವೂ ಜಾಸ್ತಿ.

ಸಿಲ್ವರ್ ಆಕ್ಸೈಡ್‌ನಲ್ಲಿ ಮ್ಯಾಂಗನೀಸ್ ಬದಲು ಬೆಳ್ಳಿಯ ಆಕ್ಸೈಡ್. 1.55 ವೋಲ್ಟ್. ಇದರ ಗುಣ ಏನೆಂದರೆ, ಹೆಚ್ಚುಕಡಿಮೆ ಕೊನೆಯವರೆಗೂ ಅದೇ ವೋಲ್ಟ್ ಕೊಟ್ಟು ನಂತರ ಒಮ್ಮೆಲೇ ಬಿದ್ದುಬಿಡುತ್ತದೆ. ಅಳತೆ ತಪ್ಪಬಾರದ ವಸ್ತುಗಳಿಗೆ ಇದು ಸರಿ.

ಲಿಥಿಯಂ 3 ವೋಲ್ಟ್. ಸುಮ್ಮನೆ ಇಟ್ಟರೆ ವರ್ಷಕ್ಕೆ ಸುಮಾರು 1 ಪರ್ಸೆಂಟ್ ಮಾತ್ರ ಕಳೆದುಕೊಳ್ಳುತ್ತದೆ. ಹಾಗಾಗಿ ಪ್ಯಾಕೆಟ್ ಮೇಲೆ ಹತ್ತು ವರ್ಷದ ದಿನಾಂಕ ಹಾಕಿದ್ದರೆ ಆಶ್ಚರ್ಯಪಡಬೇಡಿ.

ಜಿಂಕ್-ಏರ್ ಇವೆಲ್ಲಕ್ಕಿಂತ ವಿಚಿತ್ರ. ಅದಕ್ಕೆ ಉಸಿರಾಡಲು ಗಾಳಿ ಬೇಕು. ಕಿವಿಯ ಮೆಷಿನ್ ಭಾಗದಲ್ಲಿ ಅದರ ಕಥೆ ಇದೆ.

## ಮನೆ, ವಾಚು, ಕಾರು

ಯಾವ ವಸ್ತುವಿಗೆ ಸಾಮಾನ್ಯವಾಗಿ ಯಾವ ಸೆಲ್ ಬರುತ್ತೆ?

ಹಳೆಯ ಸೆಲ್ ಮೇಲಿನ ನಂಬರೇ ಕೊನೆಯ ಮಾತು. ಅಂದಾಜಿಗೆ ಹೇಳುವುದಾದರೆ, ಜ್ವರದ ಡಿಜಿಟಲ್ ಥರ್ಮಾಮೀಟರಿಗೆ ಎಲ್‌ಆರ್41. ಆಟದ ಲೇಸರ್, ಚಿಕ್ಕ ಆಟಿಕೆಗಳಿಗೆ ಎಲ್‌ಆರ್44 ಅಥವಾ ಎಲ್‌ಆರ್41, ಅದೂ ಎರಡು ಮೂರು ಒಟ್ಟಿಗೆ. ಮುಳ್ಳಿನ ವಾಚುಗಳಿಗೆ 626, 621, 920 ಗಾತ್ರದ ಸಿಲ್ವರ್ ಆಕ್ಸೈಡ್. ಅಡುಗೆಮನೆ ತಕ್ಕಡಿ, ತೂಕ ನೋಡುವ ಮೆಷಿನ್, ಸಕ್ಕರೆ ಪರೀಕ್ಷೆಯ ಗ್ಲುಕೋಮೀಟರ್, ಕಂಪ್ಯೂಟರಿನ ಮದರ್‌ಬೋರ್ಡ್, ದೀಪಾವಳಿಗೆ ತರುವ ಎಲ್‌ಇಡಿ ದೀಪ, ಇವುಗಳಲ್ಲಿ ಹೆಚ್ಚಾಗಿ ಸಿಆರ್2032. ಕಾರ್ ಕೀಗಳಲ್ಲಿ 2032, 2025, 1632, 1620, ಮಾಡೆಲ್ಲಿಗೆ ತಕ್ಕಂತೆ. ಮನೆಯಲ್ಲಿ ಒಂದೇ ಒಂದು ಸೆಲ್ ಹೆಚ್ಚಿಗೆ ಇಟ್ಟುಕೊಳ್ಳುವುದಾದರೆ ಸಿಆರ್2032 ಇಟ್ಟುಕೊಳ್ಳಿ.

ವಾಚಿಗೆ ಹೊಸ ಸೆಲ್ ಹಾಕಿಸಿ ಆರು ತಿಂಗಳಾಗಿಲ್ಲ, ನಿಂತೇಹೋಯ್ತು. ವಾಚೇ ಕೆಟ್ಟಿದೆಯಾ?

ಬಹುಶಃ ವಾಚು ಸರಿಯಾಗಿದೆ, ಸೆಲ್ ಸರಿಯಿಲ್ಲ. 626 ಗಾತ್ರದಲ್ಲಿ ಸಿಲ್ವರ್ ಆಕ್ಸೈಡೂ ಇದೆ, ಎಜಿ4 ಅನ್ನುವ ಆಲ್ಕಲೈನೂ ಇದೆ. ಎರಡೂ ವಾಚಿನೊಳಗೆ ಸರಿಯಾಗಿ ಕೂರುತ್ತವೆ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ನನಗೂ ಹೀಗೇ ಆಗಿತ್ತು. ಸಿಲ್ವರ್ ಸೆಲ್ಲಿನ ದುಡ್ಡು ತೆಗೆದುಕೊಂಡು, ಹತ್ತರ ಶೀಟಿನಿಂದ ಒಂದು ಎಜಿ4 ಕಿತ್ತು ಹಾಕಿ ಕಳಿಸಿದ್ದರು. ಮುಚ್ಚಳ ಮುಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಹೇಳಿ. ನಾಲ್ಕು ತಿಂಗಳಿಗೆ ವಾಚು ನಿಂತಿತು, ಬಿಚ್ಚಿದರೆ ಸೆಲ್ ಅಂಚಿನಲ್ಲಿ ಬಿಳಿ ಹುಡಿ.

ಒಳ್ಳೆಯ 377 ಸೆಲ್ಲಿನಲ್ಲಿ ಸುಮಾರು 28 ಮಿಲಿಆಂಪ್-ಅವರ್ ಇರುತ್ತದೆ (ಸೆಲ್ ಒಟ್ಟು ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಅಳತೆ ಇದು). ಮಾಮೂಲಿ ಮುಳ್ಳಿನ ವಾಚಿಗೆ ಎರಡು ಮೂರು ವರ್ಷ ಸಾಕು. ಹಾಕುವ ಮೊದಲೇ "ಸೆಲ್ ತೋರಿಸಿ" ಅನ್ನಿ. ನಂಬರ್ "ಎಸ್‌ಆರ್" ಅಂತ ಶುರುವಾಗಬೇಕು, ಇಲ್ಲವೇ 377ರಂಥ ಮೂರಂಕಿ ಇರಬೇಕು. ನೀರು ತಾಗಬಹುದಾದ ವಾಚಾದರೆ ಮುಚ್ಚಳದ ರಬ್ಬರ್ ರಿಂಗ್ ಸರಿಯಾಗಿ ಕೂತಿದೆಯಾ ಅಂತಲೂ ಕೇಳಿ.

ಅಪ್ಪನ ಎಚ್‌ಎಂಟಿ ಜನತಾಗೆ ದಿನಾ ಬೆಳಗ್ಗೆ ಕೀ ಕೊಟ್ಟರೆ ಆಗುತ್ತಿತ್ತು, ಈ ಸೆಲ್ಲಿನ ರಗಳೆಯೇ ಇರಲಿಲ್ಲ. ಕ್ವಾರ್ಟ್ಜ್ ವಾಚ್ ಬಂತು, ಕೀ ಕೊಡುವ ಕೆಲಸ ಹೋಯಿತು, ಸೆಲ್ ಹುಡುಕುವ ಕೆಲಸ ಅಂಟಿಕೊಂಡಿತು.

ಸೆಕೆಂಡ್ ಮುಳ್ಳು ನಾಲ್ಕು ನಾಲ್ಕು ಸೆಕೆಂಡಿಗೆ ಜಿಗೀತಾ ಇದೆ. ರಿಪೇರಿಗೆ ಕೊಡ್ಲಾ?

ಸೆಲ್ ಬದಲಿಸಿ, ಅಷ್ಟೇ. ಅನೇಕ ಕ್ವಾರ್ಟ್ಜ್ ವಾಚುಗಳಲ್ಲಿ ಸೆಲ್ ಮುಗಿಯುತ್ತಾ ಬಂದಾಗ ಮುಳ್ಳು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಜಿಗಿಯುವಂತೆ ಮಾಡಿರುತ್ತಾರೆ. ಅದು ಎಚ್ಚರಿಕೆ. ಸಮಯ ಸರಿಯಾಗೇ ತೋರಿಸುತ್ತದೆ. ಪೂರ್ತಿ ನಿಲ್ಲುವ ತನಕ ಕಾಯಬೇಡಿ. ಸತ್ತ ಸೆಲ್ ಒಳಗೇ ಉಳಿದರೆ ಸೋರಿ ಮೆಷಿನ್ ತಿನ್ನುತ್ತದೆ.

ನನ್ನದು ಬೆಳಕಿನಲ್ಲಿ ಚಾರ್ಜ್ ಆಗೋ ವಾಚ್. ಅದಕ್ಕೂ ಇದೇ ಸೆಲ್ ಹಾಕಬಹುದಾ?

ಬೇಡ. ಅದರೊಳಗೆ ಮತ್ತೆ ಮತ್ತೆ ಚಾರ್ಜ್ ಆಗುವ ವಿಶೇಷ ಸೆಲ್ ಇರುತ್ತದೆ. ಹೊರಗಿನಿಂದ ನೋಡಲು ಬಟನ್ ಸೆಲ್ಲಿನ ಹಾಗೇ. ಅದರ ಜಾಗದಲ್ಲಿ ಮಾಮೂಲಿ ಸೆಲ್ ಕೂರಿಸಿದರೆ ವಾಚು ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ. ಸೆಲ್ ಉಬ್ಬಬಹುದು, ಸೋರಬಹುದು. ವಾಚಿನ ಮಾಡೆಲ್ ನಂಬರ್ ತೋರಿಸಿ ಅದೇ ಬಿಡಿಭಾಗ ತರಿಸಿ.

ಊರಲ್ಲಿ 2032 ಸಿಗಲಿಲ್ಲ. 2025 ಹಾಕಿ ಬೆಳ್ಳಿ ಕಾಗದ ಮಡಚಿ ಇಟ್ಟರೆ ಆಗುತ್ತಾ?

ಒಂದೆರಡು ದಿನದ ತುರ್ತಿಗೆ ಆಗುತ್ತದೆ. ಎರಡೂ 3 ವೋಲ್ಟ್, ಅಗಲವೂ ಒಂದೇ, ದಪ್ಪದಲ್ಲಿ 0.7 ಮಿಲಿಮೀಟರ್ ವ್ಯತ್ಯಾಸ. ಶಕ್ತಿ ಸ್ವಲ್ಪ ಕಡಿಮೆ. 2032ರಲ್ಲಿ 220ರಿಂದ 235 ಮಿಲಿಆಂಪ್-ಅವರ್ ಇದ್ದರೆ 2025ರಲ್ಲಿ 160ರ ಸುಮಾರು. ತೊಂದರೆ ಇರುವುದು ಆ ಬೆಳ್ಳಿ ಕಾಗದದಲ್ಲಿ. ಜಾರಿ ಪ್ಲಸ್ ಮೈನಸ್ ಎರಡಕ್ಕೂ ತಾಗಿದರೆ ಶಾರ್ಟ್ ಆಗಿ ಸೆಲ್ ಬಿಸಿಯಾಗುತ್ತದೆ. ಕಾರ್ ಕೀ ಆದರೆ ಕೈಯಲ್ಲಿ ಅಲುಗಾಡುವ ವಸ್ತು ಬೇರೆ.

ಇದರ ತಿರುಗುಮುರುಗು, 2025ರ ಜಾಗಕ್ಕೆ 2032 ತುರುಕುವುದು, ಬೇಡವೇ ಬೇಡ. ಹಿಡಿಕೆಯ ತಗಡು ಬಾಗಿ ಆಮೇಲೆ ಸರಿಯಾದ ಸೆಲ್ ಹಾಕಿದರೂ ಹಿಡಿಯುವುದಿಲ್ಲ.

ಎರಡು 2016 ಸೇರಿಸಿದ್ರೆ ಒಂದು 2032 ಆಗುತ್ತಲ್ವಾ? ದಪ್ಪ ಸರಿಯಾಗೇ ಇದೆ!

ದಪ್ಪ ಸರಿ, 1.6ಕ್ಕೆ 1.6 ಸೇರಿಸಿದರೆ 3.2. ಆದರೆ ವೋಲ್ಟೂ ಸೇರುತ್ತದೆ. 3 ವೋಲ್ಟಿನ ವಸ್ತುವಿಗೆ 6 ವೋಲ್ಟ್ ಹೋಗುತ್ತದೆ. ಪಕ್ಕದ ಮನೆಯ ಹುಡುಗ ಹೀಗೇ ಮಾಡಿ ಹೊಸ ತಕ್ಕಡಿಯ ಕಥೆ ಮುಗಿಸಿದ. ಕೆಲವು ವಸ್ತುಗಳನ್ನು ಎರಡು 2016ಕ್ಕೇ, ಅಂದರೆ 6 ವೋಲ್ಟಿಗೇ, ಮಾಡಿರುತ್ತಾರೆ. ಅದಕ್ಕೆ ಒಂದು 2032 ಹಾಕಿದರೆ ಸುಡುವುದಿಲ್ಲ, ಆದರೆ ಕೆಲಸ ಮಾಡುವುದಿಲ್ಲ. ಹಳೆಯ ಸೆಲ್ ಒಂದಿತ್ತೋ ಎರಡಿತ್ತೋ ನೋಡಿಕೊಂಡು ತೆಗೆಯಿರಿ.

ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ತಾರೀಕು ಹಳೇದು ತೋರಿಸುತ್ತೆ. ವೈರಸ್ಸಾ?

ಅಲ್ಲ. ಮದರ್‌ಬೋರ್ಡ್ ಮೇಲಿನ ಸಿಆರ್2032 ಮುಗಿದಿದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಹೊಸದು ಹಾಕಿ ತಾರೀಕು ಒಮ್ಮೆ ಸರಿ ಮಾಡಿ. ತಾರೀಕು ತಪ್ಪಿದ್ದರೆ ಬ್ಯಾಂಕಿನ ವೆಬ್‌ಸೈಟುಗಳೂ "ಸುರಕ್ಷಿತವಲ್ಲ" ಅಂತ ಹೇಳಿ ಹೆದರಿಸುತ್ತವೆ, ಅದಕ್ಕೂ ಕಾರಣ ಇದೇ.

ಕಾಲಿಂಗ್ ಬೆಲ್ ರಿಮೋಟಲ್ಲಿ 12 ವೋಲ್ಟಿನ ಚಿಕ್ಕ ಸೆಲ್ ಇದೆ. ಅಷ್ಟು ಚಿಕ್ಕದರಲ್ಲಿ 12 ವೋಲ್ಟ್ ಹೇಗೆ?

ಅದು 23ಎ. ಹೊರಗಿನ ತಗಡು ಬಿಚ್ಚಿದರೆ ಒಳಗೆ ಎಂಟು ಬಟನ್ ಸೆಲ್ ಒಂದರ ಮೇಲೊಂದು ಕೂತಿರುತ್ತವೆ. ಎಂಟು ಒಂದೂವರೆ ಹನ್ನೆರಡು. ಬಿಚ್ಚಿ ನೋಡಬೇಡಿ, ನಾನು ನೋಡಿಯಾಗಿದೆ.

## ಕಿವಿಯ ಮೆಷಿನ್

ಅಜ್ಜನ ಕಿವಿ ಮೆಷಿನ್ ಸೆಲ್ಲಿಗೆ ಬಣ್ಣದ ಸ್ಟಿಕ್ಕರ್ ಇದೆ. ತೆಗೀಬೇಕಾ, ಹಾಗೇ ಹಾಕಬೇಕಾ?

ತೆಗೆಯಲೇಬೇಕು. ಅದರ ಕೆಳಗೆ ಸಣ್ಣ ತೂತುಗಳಿವೆ. ಜಿಂಕ್-ಏರ್ ಸೆಲ್ ಹೊರಗಿನ ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಸತುವಿನ ಜೊತೆ ಸೇರಿಸಿ ವಿದ್ಯುತ್ ಮಾಡುತ್ತದೆ. ಬೇರೆ ಸೆಲ್ಲುಗಳು ಎರಡೂ ಸಾಮಾನನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಇದು ಒಂದನ್ನು ಗಾಳಿಯಿಂದ ಪುಕ್ಕಟೆ ಪಡೆಯುತ್ತದೆ, ಹಾಗಾಗಿ ಹೊಟ್ಟೆ ತುಂಬಾ ಸತುವೇ ತುಂಬಬಹುದು. ಎಲ್‌ಆರ್44ರಷ್ಟೇ ಗಾತ್ರದ 675 ಜಿಂಕ್-ಏರ್ ಸೆಲ್ಲಿನಲ್ಲಿ 600 ಮಿಲಿಆಂಪ್-ಅವರ್ ಆಸುಪಾಸು ಇರುತ್ತದೆ. ಎಲ್‌ಆರ್44ರಲ್ಲಿ 110ರಿಂದ 150 ಮಾತ್ರ.

ಸ್ಟಿಕ್ಕರ್ ಕಿತ್ತ ತಕ್ಷಣ ಮೆಷಿನ್ನಿಗೆ ಹಾಕಬೇಡಿ. ಕನಿಷ್ಠ ಒಂದು ನಿಮಿಷ, ಸಾಧ್ಯವಾದರೆ ನಾಲ್ಕೈದು ನಿಮಿಷ, ತೂತು ಮೇಲೆ ಮಾಡಿ ಮೇಜಿನ ಮೇಲೆ ಬಿಡಿ. ಗಾಳಿ ಒಳಗೆ ಹೋಗಿ ವೋಲ್ಟ್ ಏರಲು ಅಷ್ಟು ಹೊತ್ತು ಬೇಕು. "ಹೊಸ ಸೆಲ್ಲೂ ಡೆಡ್ಡು" ಅಂತ ಎಸೆಯುವವರು ಈ ನಾಲ್ಕು ನಿಮಿಷ ಕಾದಿರುವುದಿಲ್ಲ.

ಹಳದಿ, ಕಂದು, ಕಿತ್ತಳೆ, ನೀಲಿ... ಬಣ್ಣಕ್ಕೆ ಅರ್ಥ ಇದೆಯಾ?

ಇದೆ, ಗಾತ್ರದ ಗುರುತು ಅದು. ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಎಲ್ಲಾ ಕಂಪನಿಯವರೂ ಇದೇ ಬಣ್ಣ ಬಳಸುತ್ತಾರೆ. ಕಣ್ಣು ಮಂಜಾದ ಹಿರಿಯರಿಗೆ ಇದೊಂದು ಉಪಕಾರ. "ಕಂದು ಬಣ್ಣದ್ದು ಕೊಡಪ್ಪಾ" ಅಂದರೆ ಸಾಕು. ಹಳದಿಯದು ವಾರದೊಳಗೆ ಮುಗಿಯಬಹುದು, ನೀಲಿಯದು ಎರಡು ವಾರ ಅಥವಾ ಹೆಚ್ಚು ಬರಬಹುದು. ಜೋರು ಸದ್ದು ಬೇಕಾದ ಮೆಷಿನ್ನಿಗೆ ನೀಲಿ. ಯಾವ ಮೆಷಿನ್, ಎಷ್ಟು ಸದ್ದು ಅನ್ನುವುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಮೈಸೂರು ಸುತ್ತಮುತ್ತಲಿನವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರವರು "ಸ್ಪೀಚ್ ಅಂಡ್ ಹಿಯರಿಂಗ್" ಅನ್ನುವುದು ಅದನ್ನೇ.

ರಾತ್ರಿ ಸ್ಟಿಕ್ಕರ್ ವಾಪಸ್ ಅಂಟಿಸಿದ್ರೆ ಸೆಲ್ ಉಳಿಯುತ್ತಲ್ವಾ?

ಹೆಚ್ಚೇನೂ ಉಳಿಯುವುದಿಲ್ಲ. ಒಮ್ಮೆ ಗಾಳಿ ಸೇರಿದರೆ ಒಳಗಿನ ಕೆಲಸ ಶುರುವಾಯಿತು. ಬಳಸಿದರೂ ಬಳಸದಿದ್ದರೂ ಕೆಲವೇ ವಾರದ ಆಯುಸ್ಸು. ಬದಲಿಗೆ ರಾತ್ರಿ ಮೆಷಿನ್ ಆಫ್ ಮಾಡಿ ಸೆಲ್ಲಿನ ಬಾಗಿಲು ತೆರೆದಿಡಿ, ಒಳಗಿನ ಪಸೆ ಆರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸೆಲ್ ತೇವ ಕುಡಿಯುತ್ತದೆ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಒಳಗಿನ ದ್ರವ ಆರಿಹೋಗುತ್ತದೆ. ಎರಡೂ ಕಡೆ ಆಯುಸ್ಸು ಕಡಿಮೆಯೇ. ಹಾಗಾಗಿ ಒಂದೇ ಸಲ ಎರಡು ಮೂರು ಸೆಲ್ಲಿನ ಸ್ಟಿಕ್ಕರ್ ಕಿತ್ತಿಡಬೇಡಿ.

## ಮಕ್ಕಳಿರುವ ಮನೆ

ಮಗು ಸೆಲ್ ನುಂಗಿದೆ ಅಂತ ಅನುಮಾನ. ಏನು ಮಾಡ್ಲಿ?

ತಕ್ಷಣ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಅನುಮಾನ ಅಷ್ಟೇ ಇದ್ದರೂ ಹೊರಡಿ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದ ಮುದ್ದೆ ಕೊಟ್ಟು ತಳ್ಳಲು ಹೋಗಬೇಡಿ. ಹಾಲು, ನೀರು ಏನೂ ಬೇಡ. ಒಂದು ಜೇನುತುಪ್ಪ ಮಾತ್ರ ಬೇರೆ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದು, ಮಗು ಸಲೀಸಾಗಿ ನುಂಗುತ್ತಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚದಷ್ಟು ಜೇನುತುಪ್ಪ ಕೊಡುತ್ತಾ ಹೋಗಬಹುದು, ಆರು ಸಲದವರೆಗೆ. ಅಮೆರಿಕದ ವಿಷ ಮಾಹಿತಿ ಕೇಂದ್ರದ ಸೂಚನೆ ಇದು. ಜೇನು ಸೆಲ್ಲಿನ ಸುತ್ತ ಪದರವಾಗಿ ಸುಡುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಜೇನು ಹುಡುಕುತ್ತಾ ಮನೆಯಲ್ಲಿ ಐದು ನಿಮಿಷವೂ ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ.

ಅದೇ ಥರದ ಇನ್ನೊಂದು ಸೆಲ್ ಅಥವಾ ಅದರ ಪ್ಯಾಕೆಟ್ ಇದ್ದರೆ ಜೊತೆಗೆ ಒಯ್ಯಿರಿ. ನಂಬರ್ ಗೊತ್ತಾದರೆ ಡಾಕ್ಟರಿಗೆ ಅನುಕೂಲ.

ನಾಣ್ಯ ನುಂಗಿದ್ರೆ ತಾನಾಗೇ ಹೊರಗೆ ಬರುತ್ತಲ್ಲ, ಇದೂ ಹಾಗೇ ಅಲ್ವಾ?

ಅಲ್ಲ. ನಾಣ್ಯ ಸುಮ್ಮನೆ ಕೂರುತ್ತದೆ, ಸೆಲ್ ಕೆಲಸ ಮಾಡುತ್ತದೆ. 20 ಮಿಲಿಮೀಟರಿನ ಸೆಲ್ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಅಲ್ಲಿನ ಒದ್ದೆ ಗೋಡೆ ಪ್ಲಸ್ ಮೈನಸ್ ನಡುವೆ ತಂತಿಯಂತಾಗಿ ಕರೆಂಟ್ ಹರಿಯುತ್ತದೆ. ಮೈನಸ್ ಮುಖದ ಕಡೆ ನೀರು ಒಡೆದು ಬಲವಾದ ಕ್ಷಾರ ಹುಟ್ಟುತ್ತದೆ, ಚರಂಡಿ ಬಿಡಿಸುವ ಪುಡಿಯಂಥದ್ದು. ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. ಸೆಲ್ ಸೋರಬೇಕಾಗಿಯೇ ಇಲ್ಲ.

ಶುರುವಿನಲ್ಲಿ ಜೊಲ್ಲು, ಕೆಮ್ಮು, ಊಟ ಬೇಡ ಅನ್ನುವುದು, ಇಷ್ಟೇ ಕಾಣಬಹುದು. ನೆಗಡಿ ಅಂದುಕೊಳ್ಳುವುದು ಸುಲಭ. ಎಕ್ಸ್‌ರೇಯಲ್ಲೂ ನಾಣ್ಯದಂತೆ ಕಾಣುತ್ತದೆ, ಆದರೆ ಅಂಚಿನಲ್ಲಿ ಎರಡು ಉಂಗುರ ಇರುತ್ತದೆ. ಸೆಲ್ ತೆಗೆದ ಮೇಲೂ ಗಾಯ ಕೆಲವು ದಿನ ಆಳಕ್ಕೆ ಇಳಿಯಬಹುದು. ಹಾಗಾಗಿ "ತೆಗೆದಾಯ್ತಲ್ಲ, ಮನೆಗೆ ಹೋಗೋಣ" ಅನ್ನಬೇಡಿ.

ಮುಗಿದುಹೋದ ಸೆಲ್ ತಾನೆ, ಆಡಲಿ ಬಿಡಿ ಅಂತಾರೆ ನಮ್ಮತ್ತೆ.

ಅತ್ತೆಗೆ ಹೀಗೆ ಹೇಳಿ: ಕಾರ್ ಕೀಗೆ ಸಾಲದ ಸೆಲ್ಲಿನಲ್ಲಿ ಗಂಟಲು ಸುಡುವಷ್ಟು ಕರೆಂಟ್ ಉಳಿದಿರುತ್ತದೆ.

ಮೂಗಿಗೋ ಕಿವಿಗೋ ತುರುಕಿಕೊಂಡರೆ?

ಅದೂ ತುರ್ತೇ. ಅಲ್ಲೂ ಒದ್ದೆ ಇದೆ, ಅಲ್ಲೂ ಸುಡುತ್ತದೆ. ಮೂಗಿಗಾಗಲಿ ಕಿವಿಗಾಗಲಿ ಡ್ರಾಪ್ಸ್, ಎಣ್ಣೆ ಹಾಕಬೇಡಿ. ಚಿಮುಟದಿಂದ ಕೆದಕಬೇಡಿ. ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಓಡಿ.

ಆಟದ ಸಾಮಾನು ತರುವಾಗ ಏನು ನೋಡಬೇಕು?

ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಉಗುರಿನಲ್ಲಿ ತೆಗೆಯುವಂತಿದ್ದರೆ ತರಬೇಡಿ. ಜಾತ್ರೆಯ ಮಿನುಗುವ ಆಟಿಕೆ, ಹಾಡುವ ಗ್ರೀಟಿಂಗ್ ಕಾರ್ಡ್, ಎಲ್‌ಇಡಿ ದೀಪ, ಇವೇ ಹೆಚ್ಚು ಅಪಾಯದವು, ಏಕೆಂದರೆ ಇವನ್ನು ಯಾರೂ ಅಪಾಯ ಅಂದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾ 2022ರ ಜೂನ್‌ನಲ್ಲಿ ಮುಚ್ಚಳದ ಬಗ್ಗೆ ಕಡ್ಡಾಯ ನಿಯಮ ತಂದಿತು. ಅದೇ ವರ್ಷ ಅಮೆರಿಕ "ರೀಸ್ ಕಾನೂನು" ಮಾಡಿತು. ರೀಸ್ ಅನ್ನುವುದು ರಿಮೋಟಿನ ಸೆಲ್ ನುಂಗಿ 2020ರಲ್ಲಿ ತೀರಿಕೊಂಡ ಒಂದೂವರೆ ವರ್ಷದ ಮಗುವಿನ ಹೆಸರು.

ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತವೆ, ಬಾಯಿಗಿಟ್ಟರೆ ಮಗು ಉಗುಳಲಿ ಅಂತ. ಒಳ್ಳೆಯ ಯೋಚನೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಆ ಲೇಪದಿಂದ ಕೆಲವು ವಸ್ತುಗಳಲ್ಲಿ ಸಂಪರ್ಕ ಸಿಗದೆ ಹೋಗುವುದೂ ಉಂಟು. ಕಳೆದ ವಸ್ತು ಹುಡುಕುವ ಬಿಲ್ಲೆಯಾದ ಏರ್‌ಟ್ಯಾಗ್‌ಗೆ ಇಂಥ ಸೆಲ್ ಹಿಡಿಯದಿರಬಹುದು ಅಂತ ಆಪಲ್ ಕಂಪನಿಯೇ ಹೇಳುತ್ತದೆ.

## ಸ್ವಲ್ಪ ಆಳಕ್ಕೆ

ಮಲ್ಟಿಮೀಟರ್ 3 ವೋಲ್ಟ್ ತೋರಿಸುತ್ತೆ, ಆದ್ರೂ ರಿಮೋಟ್ ಕೆಲಸ ಮಾಡಲ್ಲ. ಯಾಕೆ?

ವೋಲ್ಟ್ ಅಳೆಯುವ ಈ ಮೀಟರ್ ಸೆಲ್ಲಿನಿಂದ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಅದಕ್ಕೇ. ಲಿಥಿಯಂ ಸೆಲ್ ಮುದಿಯಾದಂತೆ ಅದರ ಒಳಗಿನ ತಡೆ ಏರುತ್ತದೆ. ಸುಮ್ಮನಿದ್ದಾಗ 3 ವೋಲ್ಟ್, ರಿಮೋಟ್ ಒತ್ತಿದ ಗಳಿಗೆಗೆ ಕುಸಿತ. ಎತ್ತು ನಿಂತಾಗ ಗಟ್ಟಿಯಾಗೇ ಕಾಣುತ್ತದೆ, ನೊಗ ಹೇರಿದಾಗ ತಾನೆ ಗೊತ್ತಾಗುವುದು. ಒಂದು ಕಿಲೋಓಮ್ ರೆಸಿಸ್ಟರ್ ಅಡ್ಡ ಹಿಡಿದು ಅಳೆಯಿರಿ, ಸುಮಾರು 3 ಮಿಲಿಆಂಪ್ ಎಳೆಯುತ್ತದೆ. ಹೊಸ ಸೆಲ್ ಹೆಚ್ಚು ಅಲುಗಾಡುವುದಿಲ್ಲ, ಮುದಿ ಸೆಲ್ ಕಣ್ಣೆದುರೇ ಇಳಿಯುತ್ತದೆ. ಚಳಿಯಲ್ಲಿ ಈ ತಡೆ ಇನ್ನೂ ಜಾಸ್ತಿ. ಬೆಳಗಿನ ಜಾವ ಮುನಿಸಿಕೊಂಡ ಕಾರ್ ಕೀ ಮಧ್ಯಾಹ್ನ ಸರಿಹೋಗುವುದು ಇದರಿಂದ.

ನಾನೇ ಮಾಡಿದ ಸೆನ್ಸರ್‌ಗೆ ಸಿಆರ್2032 ಎಷ್ಟು ದಿನ ಬರುತ್ತೆ?

ಮೊದಲು ಭಾಗಾಕಾರ. 225 ಮಿಲಿಆಂಪ್-ಅವರ್ ಸೆಲ್, ಸರಾಸರಿ 10 ಮೈಕ್ರೋಆಂಪ್ ಬಳಕೆ ಅಂದರೆ 22,500 ಗಂಟೆ, ಎರಡೂವರೆ ವರ್ಷ. ಆದರೆ ಕಾಗದದ ಮೇಲಿನ 225 ಬಹಳ ನಿಧಾನವಾಗಿ, 0.2 ಮಿಲಿಆಂಪ್ ಲೆಕ್ಕದಲ್ಲಿ ಎಳೆದಾಗ ಸಿಗುವ ಅಂಕಿ. ರೇಡಿಯೋ ಎದ್ದು ಒಮ್ಮೆಗೇ 15 ಮಿಲಿಆಂಪ್ ಎಳೆದರೆ ಅಷ್ಟು ಸಿಗುವುದಿಲ್ಲ. ಸೆಲ್ ಪಕ್ಕ 100 ಮೈಕ್ರೋಫ್ಯಾರಡ್ ಆಸುಪಾಸಿನ, ಸೋರಿಕೆ ಕಡಿಮೆ ಇರುವ ಕೆಪಾಸಿಟರ್ ಹಾಕಿ, ಆ ಎಳೆತವನ್ನು ಅದು ಹೊರಲಿ. ಸಾಧನ ತುಂಬಾ ಬಿಸಿಯಾಗುವ ಜಾಗದಲ್ಲಿ ಇದ್ದರೆ "ಬಿಆರ್" ಅಂತ ಶುರುವಾಗುವ ಲಿಥಿಯಂ ಸೆಲ್ ನೋಡಿ.

ವಾಚ್ ಸೆಲ್ಲಿನ ಕೊನೆಯಲ್ಲಿ ಕೆಲವಕ್ಕೆ ಎಸ್‌ಡಬ್ಲ್ಯೂ, ಕೆಲವಕ್ಕೆ ಬರೀ ಡಬ್ಲ್ಯೂ. ವ್ಯತ್ಯಾಸ?

ಎಸ್‌ಡಬ್ಲ್ಯೂ ಸ್ವಲ್ಪ ಸ್ವಲ್ಪವೇ ಎಳೆಯುವ ಮುಳ್ಳಿನ ವಾಚಿಗೆ. ಡಬ್ಲ್ಯೂ ದೀಪ, ಅಲಾರಂ ಇರುವ ಡಿಜಿಟಲ್ ವಾಚಿಗೆ. ಒಳಗಿನ ದ್ರವ ಬೇರೆ. ಮೊದಲಿನದರಲ್ಲಿ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡ್, ಎರಡನೆಯದರಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್. 377 ಮತ್ತು 376 ಒಂದೇ ಗಾತ್ರ ಇದ್ದೂ ಎರಡು ನಂಬರ್ ಆಗಿರುವುದು ಇದಕ್ಕೇ.

ಸಿಆರ್2032 ಚಾರ್ಜ್ ಮಾಡಬಹುದಾ? ಎಲ್‌ಐಆರ್2032 ಅಂತ ಒಂದು ಇದೆಯಲ್ಲ?

ಸಿಆರ್ ಚಾರ್ಜ್ ಮಾಡುವಂತಿಲ್ಲ. ಸಿಡಿಯಬಹುದು. ಎಲ್‌ಐಆರ್2032 ಚಾರ್ಜ್ ಆಗುತ್ತದೆ, ಆದರೆ ಅದು 3.6 ವೋಲ್ಟ್, ತುಂಬಿದಾಗ 4.2. ಸಿಆರ್ ಜಾಗಕ್ಕೆ ಹಾಕಿದರೆ ವಸ್ತು ಸುಡಬಹುದು. ಶಕ್ತಿಯೂ 40 ಮಿಲಿಆಂಪ್-ಅವರ್ ಅಷ್ಟೇ.

ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಜೊತೆ ಆಟ ಆಡುವ ಹುಡುಗರಿಗೆ ಒಂದು ಮಾತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಸಿಗುವ ನೀಲಿ ಬಣ್ಣದ ಡಿಎಸ್3231 ಗಡಿಯಾರದ ಬೋರ್ಡ್ ಗೊತ್ತಲ್ವಾ? ಅದರಲ್ಲಿ ಒಂದು ಡಯೋಡು, ಒಂದು ರೆಸಿಸ್ಟರ್ ಸೇರಿ ಸೆಲ್ಲನ್ನು ಚಾರ್ಜ್ ಮಾಡುತ್ತಾ ಇರುತ್ತವೆ, ಎಲ್‌ಐಆರ್ ಇದೆ ಅನ್ನುವ ಲೆಕ್ಕದಲ್ಲಿ. ನಾವು ಸಿಆರ್2032 ಕೂರಿಸಿ 5 ವೋಲ್ಟ್ ಕೊಡುತ್ತೇವೆ. ವಾರಗಟ್ಟಲೆ ಏನೂ ಆಗದೆ ಒಂದು ದಿನ ಸೆಲ್ ಉಬ್ಬಿರುತ್ತದೆ. ಆ 200 ಓಮ್ ರೆಸಿಸ್ಟರನ್ನು ಅಥವಾ ಡಯೋಡನ್ನು ಬೆಸುಗೆ ಕಾಸಿ ತೆಗೆದುಬಿಡಿ, ಗಡಿಯಾರಕ್ಕೆ ಏನೂ ಆಗುವುದಿಲ್ಲ.

ತಾತನ ಹಳೇ ಕ್ಯಾಮೆರಾಗೆ ಸೆಲ್ ಹಾಕಿದ್ರೆ ಫೋಟೋ ಬೆಳಕು ತಪ್ಪುತ್ತೆ. ಯಾಕೆ?

ಆ ಕ್ಯಾಮೆರಾದ ಬೆಳಕಿನ ಮೀಟರ್ ಪಾದರಸದ ಸೆಲ್ಲಿಗೆ ಮಾಡಿದ್ದು, 1.35 ವೋಲ್ಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ರೂಬೆನ್ ರೂಪಿಸಿದ ಸೆಲ್ ಅದು. ಪಾದರಸ ವಿಷ ಅಂತ ಅಮೆರಿಕ 1996ರಲ್ಲಿ ಅದರ ಮಾರಾಟ ನಿಲ್ಲಿಸಿತು, ಬೇರೆ ಕಡೆಯೂ ನಿಂತಿತು. ಈಗ ಅದೇ ಗಾತ್ರದ 1.5 ವೋಲ್ಟ್ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ಓದುತ್ತದೆ, ಸೆಲ್ ಇಳಿದಂತೆ ತಪ್ಪೂ ಬದಲಾಗುತ್ತದೆ. ಉಪಾಯ ಎರಡಿದೆ. ಒಂದು, ವೋಲ್ಟ್ ಇಳಿಸುವ ಅಡಾಪ್ಟರ್ ಒಳಗೆ ಸಿಲ್ವರ್ ಆಕ್ಸೈಡ್. ಇನ್ನೊಂದು, 675 ಜಿಂಕ್-ಏರ್ ಸೆಲ್ಲಿಗೆ ಒಂದು ರಿಂಗ್ ಹಾಕಿ ಕೂರಿಸುವುದು. ಅದರ ವೋಲ್ಟ್ ಹತ್ತಿರದಲ್ಲಿದೆ, ಆದರೆ ಕೆಲವೇ ವಾರ ಬರುತ್ತದೆ.

ಮುಗಿದ ಸೆಲ್ ಎಲ್ಲಿ ಎಸೀಬೇಕು?

ಕಸದ ಬುಟ್ಟಿಗಂತೂ ಅಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸುವವರದು. ನಾವು ಮಾಡಬೇಕಾದ್ದು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಮುಟ್ಟಿಸುವುದು. ಅಲ್ಲಿಯವರೆಗೆ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ. ಬರಿ ಸೆಲ್ಲುಗಳನ್ನು ಒಂದೇ ಡಬ್ಬಿಗೆ ಸುರಿದರೆ ಒಂದಕ್ಕೊಂದು ತಾಗಿ ಬಿಸಿಯಾಗಬಹುದು. ಟೇಪ್ ಸುತ್ತಿದ್ದು ಮಗುವಿನ ಕೈಗೆ ಸಿಕ್ಕರೂ ಗುಂಡಿಯಂತೆ ಮಿಂಚುವುದಿಲ್ಲ. ನಮ್ಮ ಮನೆಯಲ್ಲಿ ಹಳೆಯ ಮಾತ್ರೆ ಡಬ್ಬಿಯೊಂದು ಅಟ್ಟದ ಮೇಲಿದೆ, ತಿರುಗಿಸುವ ಮುಚ್ಚಳದ್ದು. ತುಂಬಿದಾಗ ಒಯ್ದು ಕೊಟ್ಟು ಬರುತ್ತೇನೆ.